ಸುಡುಗಲ್ಲು ಕೊಳ್ಳದಲ್ಲಿ ವಿರೂಪಣ್ಣ

"ಹಲೋ... ಯಾರು ಮಾತಾಡಾಕತ್ತೀರಿ?... ಹಾಂ, ಮಾನ್ವಿನೇ. ವಿರೂಪಣ್ಣೋರ ಅಕ್ಕಿ ಗಿರಣಿನೇ. ನೀವ್ಯಾರು, ಅದನ್ನ ಹೇಳ್ರಿ ಮೊದಲ..."

ಫೋನೆತ್ತಿದವಳು ಶರಣಮ್ಮ, ಗಿರಣಿ ಮಾಲೀಕ ವಿರೂಪಣ್ಣನ ಹೆಂಡತಿ. ಗಿರಣಿಯ ಆಫೀಸಿಗೆ ಅವಳು ಕಾಲಿಡುವುದೇ ಅಪರೂಪ. ಅವತ್ತು ಗುಮಾಸ್ತ ವೆಂಕೋಬ ಊಟಕ್ಕೆ ಹೋಗಿದ್ದ, ಕರೆಂಟು ಹೋಗಿ ಗಿರಣಿ ನಿಂತಿತ್ತು, ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಹಿಂದಿನ ಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಬಂದು ಎತ್ತಿದಳು.

"ಕನಕರಾಯ?... ಯಾವ ಕನಕರಾಯ?... ಓ, ಕುರಿ ಕಾಯೋ ಕನಕರಾಯ. ನಮ್ಮೋರಿಗೆ ಕೊಳ್ಳದಾಗ ದಾರಿ ತೋರಸಾಕ ಹೋದಾಂವ ನೀನೇ ಅಲ್ವಾ?... ಎಲ್ಲಿಂದಪ್ಪ, ಗಬ್ಬೂರಿಂದೇನು?... ಏ, ಅದನ್ನ ಜರಾ ದೂರ ಹಿಡಿ. ಬಾಯಿಗಿ ಹಚ್ಚಿಕೊಂಡ್ರ ಬರೇ ಉಸುರು ಕೇಳಸ್ತದ... ಹಾಂ, ಹಂಗ. ಈಗ ಹೇಳು. ಜೀಪು ನಾಳಿಗಿ ಕಳಸ್ಬೇಕಲ್ಲ? ವೆಂಕೋಬಗ ಹೇಳಿಟ್ಟೀನಿ."

ಜೀಪು ಕಳಿಸಬೇಕಾಗಿದ್ದದ್ದು ವಿರೂಪಣ್ಣನನ್ನು ನಡಿಗೆಯಿಂದ ಕರೆತರಲು. ಈ ನಡಿಗೆಯ ಸುದ್ದಿ ಕೇಳಿ ಮಾನ್ವಿಯಲ್ಲಿ ನಗದವರಿಲ್ಲ. ರಾಯಚೂರಿನ ಅಬ್ದುಲ್ ವಹೀದ್ ಅನ್ನುವವನು ಕೆಲವು ವರ್ಷ ಅರಬರ ನಾಡಿನಲ್ಲಿ ಡ್ರೈವರಾಗಿದ್ದ. ಅಲ್ಲಿ ಮರಳುಗಾಡಿನ ನಡುವೆ ಕೆಂಪು ಬಂಡೆಗಳ ಆಳವಾದ ಕಣಿವೆಗಳಿವೆಯಂತೆ. ಬಿಳಿಯ ಜನ ರಜೆ ಹಾಕಿ, ಕೈಯಿಂದ ದುಡ್ಡು ಕೊಟ್ಟು, ಒಬ್ಬ ಒಂಟೆಯವನನ್ನು ಮುಂದೆ ಬಿಟ್ಟುಕೊಂಡು ಆ ಕಣಿವೆಗಳಲ್ಲಿ ಬರಿದೆ ನಡೆಯುತ್ತಾರಂತೆ. ಒಂಟೆಯೊಂದು ಬಿಟ್ಟರೆ ಇದೆಲ್ಲ ನಮ್ಮ ದೇವದುರ್ಗದ ಕಡೆಯೂ ಇದೆಯಲ್ಲ ಎಂದು ವಹೀದನಿಗೆ ಹೊಳೆಯಿತು. ಎಂಬತ್ತೊಂದನೆಯ ಇಸವಿಯಲ್ಲಿ ಊರಿಗೆ ಮರಳಿದವನೇ ಸ್ಟೇಶನ್ ರಸ್ತೆಯಲ್ಲಿ ದುಡ್ಡಿಗೆ ಇಂಥ ನಡಿಗೆ ಮಾಡಿಸುತ್ತೇನೆಂದು ಬೋರ್ಡು ಹಾಕಿದ. ಗಬ್ಬೂರಿನಾಚೆ ಕೃಷ್ಣೆಯ ಕಡೆಗೆ ಇಳಿಯುವ ಸುಡುಗಲ್ಲು ಕೊಳ್ಳ ಹನಿ ನೀರಿಲ್ಲದ, ಗಿಡದ ನೆರಳಿಲ್ಲದ ಜಾಗ. ಎರಡೂ ಕಡೆ ಬಂಡೆಗಳು ಎದ್ದು ನಿಂತಿರುವ ಆ ಕೊಳ್ಳಕ್ಕೆ ಕನಕರಾಯನ ಕುರಿಗಳೇ ಮನಸ್ಸಿಲ್ಲದೆ ಹೋಗುತ್ತಿದ್ದವು. ಅಂಥಲ್ಲಿಗೆ ಬ್ಯಾಂಕಿನವರೂ ಹತ್ತಿ ವ್ಯಾಪಾರಿಗಳೂ ಟೋಪಿ ಹಾಕಿಕೊಂಡು ಹೋಗತೊಡಗಿದರು.

ವಿರೂಪಣ್ಣನಿಗೆ ಸಕ್ಕರೆ ಕಾಯಿಲೆ. ನಡೆಯಬೇಕು ಅಂದಿದ್ದರು ಡಾಕ್ಟರು. ಮಾನ್ವಿಯಲ್ಲಿ ನಡೆದರೆ ಹೆಜ್ಜೆಗೊಬ್ಬ ಅಡ್ಡ ನಿಂತು ಭತ್ತದ ಧಾರಣೆ ಕೇಳುತ್ತಾನೆ ಎಂದು ಅವನು ಕೊಳ್ಳಕ್ಕೇ ಹೋಗುತ್ತೇನೆಂದ. ಚಳಿಗಾಲದಲ್ಲಿ ಗಿರಣಿ ಬಿಡಲಿಲ್ಲ. ಕೊನೆಗೆ ಹೊರಟಾಗ ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು.

"ಇವತ್ತ?... ಯಾಕ, ಇವತ್ತ ತಿರುಗಿ ಬಂದ್ರೇನು ಎಲ್ಲಾರೂ?... ಉಳದೋರು ಬಂದ್ರು. ಮತ್ತ ನಮ್ಮೋರು?... ಕೊಳ್ಳದಾಗ ಕುಂತಾರ. ಕುಂತಾರ ಅಂದ್ರ ಹ್ಯಾಂಗಪ್ಪ? ಕಾಲು ಗೀಲು ಮುರಕೊಂಡ್ರಾ?... ಇಲ್ಲ. ಹುಳ ಗಿಳ ಮುಟ್ಟಿತಾ?... ಅದೂ ಇಲ್ಲ. ಮತ್ತ್ಯಾಕ ಕುಂತಾರ? ಯಾರ ಮ್ಯಾಲರ ಸಿಟ್ಟು ಮಾಡ್ಯಾರೇನು?..."

"ಏನ್ ಕಳಕೊಂಡಾರ?..."

"ಇನ್ನೊಮ್ಮಿ ಹೇಳು..."

ಅವನು ಇನ್ನೊಮ್ಮೆ ಹೇಳಿದ. ಶರಣಮ್ಮ ವೆಂಕೋಬನ ಕುರ್ಚಿಯನ್ನು ಕಾಲಿನಿಂದ ಎಳೆದುಕೊಂಡು ಕುಳಿತಳು.

"ಲಿಂಗ. ಕೊರಳಾಗಿನ ಲಿಂಗ... ಬೆಳ್ಳಿ ಕರಡಗಿ ಸಮೇತ ಇಲ್ಲಾ?... ನಿನ್ನಿ ಮುಂಜಾನಿ ಪೂಜಿಗೆ ಕುಂತಾಗ ಎದಿ ಮುಟ್ಟಿ ನೋಡ್ಕೊಂಡ್ರ ಇಲ್ಲ. ಮೊನ್ನಿ ಕಲ್ಲು ಹತ್ತಿ ಇಳಿಯೋವಾಗ ಬಿದ್ದಿರಬೇಕು ಅಂತೀಯಾ... ಹುಡಕೀರಿ. ಎಲ್ಲಾರೂ ಹುಡಕೀರಿ... ಹಾಂ..."

"ನೀರು?... ಅಂದ್ರ ನಿನ್ನಿ ಮುಂಜಾನಿಂದ ನೀರು ಮುಟ್ಟಿಲ್ಲಾ ಅವರು?..."

ಇದನ್ನು ಅವಳು ಕೇಳುವ ಅಗತ್ಯವೇ ಇರಲಿಲ್ಲ. ಜಳಕ ಮಾಡಿ, ಕರಡಿಗೆಯೊಳಗಿನ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು ಪೂಜಿಸದೆ ವಿರೂಪಣ್ಣನ ಮನೆತನದಲ್ಲಿ ಯಾರೂ ಗುಟುಕು ನೀರು ಕುಡಿದದ್ದಿಲ್ಲ. ಲಿಂಗವೇ ಕಳೆದುಹೋದರೆ ಅದು ಸಿಗುವ ತನಕ ನೀರಿಲ್ಲ. ಸಿಕ್ಕಿತೆಂಬ ಸುದ್ದಿ ಬಂದರೆ, ಅದು ದೂರವಿದ್ದರೂ, ಮನಸ್ಸಿನಲ್ಲೇ ಪೂಜಿಸಿ ಕುಡಿಯಬಹುದು. ಈಗಿನವರು ಗುರುಗಳ ಹತ್ತಿರ ಹೋಗಿ ಬೇರೆ ಲಿಂಗ ಕಟ್ಟಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡುತ್ತಾರೆ. ವಿರೂಪಣ್ಣ ಆ ಪೈಕಿಯವನಲ್ಲ. ಅವನಪ್ಪ ಒಮ್ಮೆ ಚೀಕಲಪರ್ವಿಯಲ್ಲಿ ಹೊಳೆಗಿಳಿದು ಮುಳುಗು ಹಾಕುವಾಗ ಲಿಂಗ ಜಾರಿತಂತೆ. ಅಂಬಿಗರು ಅದನ್ನು ಹುಡುಕಿ ತೆಗೆಯುವ ತನಕ ಆ ಮನುಷ್ಯ ತುಂಬಿದ ತುಂಗಭದ್ರೆಯ ದಂಡೆಯಲ್ಲೇ ಬಾಯಿ ಒಣಗಿಸಿಕೊಂಡು ಕೂತಿದ್ದನಂತೆ. ಮದುವೆಯಾದ ಹೊಸತರಲ್ಲಿ ವಿರೂಪಣ್ಣ ಇದನ್ನು ಅವಳಿಗೆ ಹೇಳಿದ್ದ, ಆಮೇಲೆ ಮನೆಗೆ ಬಂದವರಿಗೆಲ್ಲ ಹೇಳುತ್ತ ಬಂದಿದ್ದ. ಹಟಮಾರಿಗಳ ವಂಶ ಎಂದು ಅವಳಿಗೆ ಪ್ರತಿ ಸಲವೂ ಅನಿಸುತ್ತಿತ್ತು. ಈಗ ಅಷ್ಟೂ ಅನಿಸಲಿಲ್ಲ. ಕನಕರಾಯನ ದನಿ ಕಿವಿಗೆ ಬೀಳುತ್ತಿತ್ತು, ಅಷ್ಟೇ.

"ನಾಲ್ಕು ಮಂದಿ ಸೇರಿ ಹೊತ್ಕೊಂಡು ಬರಬಾರ್ದೇನಪ್ಪ?... ಕಲ್ಲು ತಗೊಂಡ್ರಾ? ಯಾರ ಮ್ಯಾಲ, ವಹೀದನ ಮ್ಯಾಲ?... ತಲಿ ಒಡದದಾ?... ಪುಣ್ಯ... ಒತ್ತಿ ಹಿಡದು ಬಾಯಾಗ ನೀರು ಹಾಕಿದ್ರಿ. ಉಗುಳಿಬಿಟ್ರು. ಹಾಂ, ಉಗುಳ್ತಾರ ಅವರು..."

"ಗುಳಿಗಿ ನುಂಗ್ಯಾರೇನು?... ಹೌದಲ್ಲ. ನೀರಿಲ್ದ ಗುಳಿಗಿ ಹ್ಯಾಂಗ ನುಂಗ್ತಾರ, ನಾನೂ ಕೇಳಾಕತ್ತೀನಿ ನೋಡು..."

"ಈಗ ಹ್ಯಾಂಗ ಅದಾರ?... ಮಾತು ತೊದಲ್ತದ. ಏನಂತಾರ?... ಧಾರಣಿ ಹೇಳಾಕತ್ತಾರಾ? ಭತ್ತದ ಧಾರಣಿ?... ಯಾರಿಗಿ?... ಕಲ್ಲಿಗಿ..."

ಬೇರೆ ದಿನವಾಗಿದ್ದರೆ ಇದಕ್ಕೆ ಅವಳು ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದಳು. ಕಿಟಕಿಯಾಚೆ ಅಂಗಳದಲ್ಲಿ ಹೆಂಗಸರು ಭತ್ತವನ್ನು ಕಾಲಿನಿಂದ ತಿರುವಿ ಒಣಗಿಸುತ್ತಿದ್ದರು. ಅವರ ನೆರಳು ಅವರವರ ಕಾಲಡಿಯಲ್ಲೇ ಇತ್ತು.

"ಗಬ್ಬೂರ ಡಾಕ್ಟರು ಏನಂದ್ರು?... ಹೊತ್ತು ಮುಳುಗೋದ್ರಾಗ ನೀರು ಒಳಗ ಹೋಗ್ಬೇಕು. ಇಲ್ಲಾಂದ್ರ?... ಹಾಂ. ತಿಳೀತು. ಅದನ್ನ ಮತ್ತೊಮ್ಮಿ ಹೇಳಬ್ಯಾಡ..."

ಅಳು ಬರಬೇಕಿತ್ತು. ಬರಲಿಲ್ಲ. ಬಹಳ ಹೊತ್ತು ಕಾಲು ಮಡಿಚಿ ಕೂತವರಿಗೆ ಹಿಡಿಯುವ ಜೋಮು ಅವಳಿಗೆ ಮೈಯೆಲ್ಲ ಹಿಡಿದಿತ್ತು. ಗಂಡ ಸಾಯುತ್ತಿದ್ದಾನೆ ಎಂಬುದು ತಲೆಗೆ ಗೊತ್ತಾಗಿತ್ತು, ಮೈಗೆ ಇನ್ನೂ ಗೊತ್ತಾಗಿರಲಿಲ್ಲ.

"ಮಹಾಂತಯ್ಯನೋರಾ? ನಮ್ಮ ಗುರುಗಳು ಹೇಳಿದ್ರ ಕೇಳ್ತಾರ, ಖರೆ. ಆದ್ರ ಅವರು ಶ್ರೀಶೈಲಕ್ಕ ಹೋಗ್ಯಾರಪ್ಪ, ನಡಕೋತ. ಈ ವರ್ಷ ಎಲ್ಲಾರೂ ನಡಿಯಾಕ ಹೋಗ್ಯಾರ ನೋಡು. ಉಗಾದಿ ಆಗೋತನ ಬರಂಗಿಲ್ಲ..."

"ಮನ್ಯಾಗ?... ಮನ್ಯಾಗ ಬಿಟ್ಟು ಹೋಗಿರಬಹುದಾ ಅಂತೀಯಾ?... ಏನೋಪಾ. ಮೊನ್ನಿ ಹೊಂಡೋವಾಗ ನೀರಿನ ಬಾಟ್ಲಿ ಪಟ್ಟಿ, ಕ್ಯಾಮೆರಾ ಪಟ್ಟಿ ಅಂತ ಕೊರಳ ತುಂಬ ಹಾಕ್ಕೊಂಡಿದ್ರು. ಅದ್ರಾಗ ಲಿಂಗ ಇತ್ತೋ ಇಲ್ಲೋ, ನಾ ನೋಡ್ಲಿಲ್ಲ... ಇರು. ಇಡಬ್ಯಾಡ. ನೋಡ್ಕೊಂಡು ಬರ್ತೀನಿ... ಆಪರೇಟರ್ರ, ಕಟ್ ಮಾಡಬ್ಯಾಡ್ರಿ. ಎಷ್ಟು ಹೊತ್ತಾದ್ರೂ ಆಗ್ಲಿ, ಮುಂದುವರಸ್ರಿ."

ರಿಸೀವರನ್ನು ಮೇಜಿನ ಮೇಲಿಟ್ಟು ಅಂಗಳ ದಾಟಿ ಮನೆಗೆ ಓಡಿದಳು. ಬಚ್ಚಲಲ್ಲಿ ವಿರೂಪಣ್ಣ ಅಂಗಿ ತೂಗುಹಾಕುವ ಗೂಟವಿತ್ತು. ಅದರಲ್ಲಿ ಒಂದು ಒಣಗಿದ ಪಂಚೆ ಮಾತ್ರ ಇತ್ತು. ಜಗುಲಿಯ ಮೇಲೆ ವಿಭೂತಿ ಗಟ್ಟಿ, ಹೂವಿನ ಬುಟ್ಟಿ. ಹಾಸಿಗೆ ಕೊಡವಿದಳು, ದಿಂಬು ಎತ್ತಿದಳು, ಒಗೆಯಲು ಹಾಕಿದ ಅಂಗಿಗಳ ಜೇಬುಗಳನ್ನು ಒಂದೊಂದಾಗಿ ಹೊರಗೆಳೆದಳು. ಭತ್ತದ ನಾಲ್ಕು ಕಾಳು ಉದುರಿದವು. ಕೆಲಸದ ದುರುಗಮ್ಮ ಬಾಗಿಲಲ್ಲಿ ಬಂದು ನಿಂತು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ ಅವಳನ್ನು ಸರಿಸಿ ಹೊರಬಂದಳು. ಮತ್ತೆ ಬಚ್ಚಲಿಗೆ ಹೋಗಿ ಪಂಚೆಯನ್ನು ತೆಗೆದು ಕೊಡವಿ ಗೂಟ ನೋಡಿದಳು. ಲಿಂಗ ಮನೆಯಲ್ಲಿರಲಿಲ್ಲ.

ನಿಧಾನಕ್ಕೆ ನಡೆದು ಆಫೀಸಿಗೆ ಬಂದಳು. ಓಡುವ ಕಾರಣ ಉಳಿದಿರಲಿಲ್ಲ.

"ಹಲೋ, ಕನಕರಾಯ?... ಅದೀಯಲ್ಲ... ಸಿಕ್ಕದ."

ಈ ಮಾತು ತನ್ನ ಬಾಯಿಂದ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಇಲ್ಲ ಎಂದು ಹೇಳುವುದಕ್ಕೇ ರಿಸೀವರ್ ಎತ್ತಿದ್ದಳು. ಅಕ್ಕಿಯ ತೂಕದಲ್ಲಿ ಸುಳ್ಳು ಹೇಳುವವರನ್ನು ಅವಳು ಕಂಡಿದ್ದಳು, ಲಿಂಗದ ವಿಷಯದಲ್ಲಿ ಸುಳ್ಳು ಹೇಳುವವರನ್ನು ಕಂಡಿರಲಿಲ್ಲ. ಅವಳ ಕೊರಳಲ್ಲೂ ಹುಟ್ಟಿದಾಗಿನಿಂದ ಒಂದು ಲಿಂಗವಿತ್ತು. ಅದನ್ನೀಗ ಮುಟ್ಟಿಕೊಳ್ಳುವ ಧೈರ್ಯವಾಗಲಿಲ್ಲ.

"ಬಚ್ಚಲ ಮನಿ ಗೂಟಕ್ಕ ಜೋತಬಿದ್ದಿತ್ತಪ್ಪ. ಅಲ್ಲೇ ಬಿಟ್ಟು ಹೋಗ್ಯಾರ. ಹೋಗಿ ಹೇಳು, ಲಿಂಗ ಮನ್ಯಾಗ ಅದ, ನೀರು ಕುಡೀರಿ ಅಂತ... ಇಲ್ಲಿಂದ ಕಳಿಸಿದ್ರ ಅದು ಬಂದು ಮುಟ್ಟೋದ್ರಾಗ ಹೊತ್ತು ಮುಳುಗ್ತದ. ಮೊದಲ ನೀರು ಕುಡ್ಸು. ವಹೀದನ ಜೀಪು ಹೊರಗ ನಿಂತದಲ್ಲ?... ಹಾಂ, ಅದ್ರಾಗ ಹೋಗು..."

"ಏನು?... ನಂಬಂಗಿಲ್ಲಾ? ಯಾಕ ನಂಬಂಗಿಲ್ಲ?... ನಿನ್ನಿನೇ ಹೇಳ್ಯಾನಾ ವಹೀದ? ಮನ್ಯಾಗ ಅದ ಅಂತ ಫೋನು ಬಂದದ ಅಂತ ಸುಳ್ಳ ಹೇಳ್ಯಾನಾ?... ಮತ್ತ?... ಕರಡಗಿ ಮ್ಯಾಲ ಏನ್ ಕೆತ್ತ್ಯಾರ ಹೇಳು ಅಂದ್ರು. ಆಂವ ಏನಂದ?... ನಂದಿ ಅಂದ. ಬಿಲ್ವಪತ್ರಿ ಅದು. ಸಿಕ್ಕಬಿದ್ದ... ಈಗ ಬಿಲ್ವಪತ್ರಿ ಅಂತ ಹೇಳಿದ್ರೂ ಆಗಂಗಿಲ್ಲ, ಹೌದು. ಅವರೇ ಒದರಿ ಎಲ್ಲಾರಿಗೂ ಹೇಳಿಬಿಟ್ಟಾರ..."

ಅವಳ ಬಳಿ ಇದ್ದ ಒಂದೇ ಸುಳ್ಳನ್ನು ವಹೀದ ಹಿಂದಿನ ದಿನವೇ ಖರ್ಚು ಮಾಡಿಬಿಟ್ಟಿದ್ದ.

"ನೀನೇ ಹೇಳು ಮತ್ತ, ಏನ್ ಮಾಡ್ಲಿ?... ಆಣಿ?... ಬರೇ ದೇವರ ಆಣಿ ಅಂದ್ರ ಅದನ್ನೂ ವಹೀದ ಹೇಳಿಕೊಟ್ಟಾನ ಅಂತಾರ. ಖರೆ... ನಮ್ಮಿಬ್ಬರಿಗೇ ಗೊತ್ತಿದ್ದದ್ದು. ಮೂರನೇದೋರಿಗಿ ಗೊತ್ತಿರಬಾರ್ದು. ಅದರ ಮ್ಯಾಲ ಆಣಿ ಇಟ್ರ ಹೆಂಡ್ತೀನೇ ಹೇಳ್ಯಾಳ ಅಂತ ನಂಬ್ತಾರ... ತಡಿ. ನೆನಸ್ತೀನಿ..."

ನೆನೆಸಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿದ ಗಂಡ ಹೆಂಡತಿಗೆ ಇಬ್ಬರಿಗೇ ಗೊತ್ತಿರುವ ಮಾತುಗಳು ನೂರಿರಬೇಕು ಅಂದುಕೊಳ್ಳುತ್ತೇವೆ. ಅವಳಿಗೆ ಒಂದೂ ಸಿಗಲಿಲ್ಲ. ಅವನಿಗೆ ಯಾವ ಪಲ್ಯ ಸೇರುತ್ತದೆಂದು ದುರುಗಮ್ಮನಿಗೂ ಗೊತ್ತು. ಜಗಳವಾಡಿದರೆ ಗಿರಣಿಯ ಹಮಾಲರ ತನಕ ಕೇಳುತ್ತಿತ್ತು. ಉಳಿದಂತೆ ಅವರು ಮಾತಾಡಿದ್ದು ಭತ್ತದ ಬಗ್ಗೆ, ಮಳೆಯ ಬಗ್ಗೆ, ಕುರ್ಡಿ ಊರಿನ ತಮ್ಮ ಹೊಲದ ಬಗ್ಗೆ. ಗುಟ್ಟು ಎನ್ನುವಂಥದ್ದು ತಮ್ಮ ನಡುವೆ ಏನೂ ಇಲ್ಲವಲ್ಲ ಎಂದು ಅವಳಿಗೆ ಆ ಕುರ್ಚಿಯಲ್ಲಿ ಕೂತೇ ಗೊತ್ತಾಯಿತು. ಅದಕ್ಕೂ ಅವಳಿಗೆ ದುಃಖವಾಗಲಿಲ್ಲ.

"ಇದ್ದೀನಿ, ಇದ್ದೀನಿ. ನೆನಸಾಕತ್ತೀನಿ..."

"ಹೊತ್ತಾಗ್ತದ, ಗೊತ್ತದಪ್ಪ..."

ಒಂದಿತ್ತು. ಅದು ಅವರಿಬ್ಬರಿಗೇ ಗೊತ್ತಿದ್ದದ್ದು, ಆದರೆ ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮದುವೆಯಾದ ಎರಡನೆಯ ವರ್ಷ ಅವಳಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ನಸುಕಿನಲ್ಲಿ ಹುಟ್ಟಿದ್ದು ಮಧ್ಯಾಹ್ನದ ತನಕ ಇತ್ತು. ತೊಟ್ಟಿಲಿಗೆ ಹಾಕದ ಕೂಸಿಗೆ ಹೆಸರಿಡುವ ಪದ್ಧತಿ ಇಲ್ಲ. ಮಣ್ಣು ಮಾಡಲು ಒಯ್ಯುವ ಮೊದಲು ವಿರೂಪಣ್ಣ ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿದ. ಬಾಣಂತಿ ಶರಣಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಅವಳಿಗೆ ನಿದ್ದೆ ಹತ್ತಿದೆ ಎಂದು ಅವನು ಅಂದುಕೊಂಡಿರಬೇಕು. ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಕೂಗುವ ಹಾಗೆ ಅದರ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ. ಆಮೇಲೆ ಎತ್ತಿಕೊಂಡು ಹೋದ. ಅವನು ಯಾರಿಗೂ ಹೇಳಲಿಲ್ಲ, ಅವಳೂ ಕೇಳಿಸಿಕೊಂಡೆ ಎನ್ನಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಅಲ್ಲಿಂದ ಇಬ್ಬರೂ ಭತ್ತದ ಬಗ್ಗೆ ಮಾತಾಡತೊಡಗಿದರು.

ಆ ಹೆಸರನ್ನು ಅವಳು ಬಾಯಿಬಿಟ್ಟು ಒಮ್ಮೆಯೂ ಅಂದಿರಲಿಲ್ಲ, ಒಬ್ಬಳೇ ಇದ್ದಾಗಲೂ.

"ಕನಕರಾಯ, ಕೇಳು. ನೀಲವ್ವನ ಮ್ಯಾಲ ಆಣಿ ಅಂತ ಹೇಳು..."

"ನೀಲವ್ವ..."

"ಕೇಳಸವಲ್ದಾ? ನೀ, ಲ, ವ್ವ!... ಹಾಂ, ನೀಲವ್ವ! ನೀಲವ್ವ!"

ಲೈನಿನಲ್ಲಿ ಗರಗರ ಎದ್ದಿತ್ತು, ಕೂಗಿ ಹೇಳಬೇಕಾಯಿತು. ಗಿರಣಿ ನಿಂತಿದ್ದರಿಂದ ಆ ಕೂಗು ಅಂಗಳದ ತುದಿಯ ತನಕ ಹೋಯಿತು. ಭತ್ತ ತಿರುವುತ್ತಿದ್ದ ಹೆಂಗಸರು ಕಾಲು ನಿಲ್ಲಿಸಿ ಆಫೀಸಿನ ಕಡೆ ನೋಡಿದರು. ನೀಲವ್ವ ಯಾರು ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳುವುದು ಶರಣಮ್ಮನಿಗೆ ಕಿಟಕಿಯಿಂದ ಕಾಣಿಸಿತು.

"ಯಾರಂತ ನೀ ಕೇಳಬ್ಯಾಡ. ಅವರಿಗೆ ಗೊತ್ತದ... ಇಷ್ಟ ಹೇಳು. ಕೋಣ್ಯಾಗ ನಾ ನಿದ್ದಿ ಮಾಡಿದ್ದಿಲ್ಲ ಅಂತ ಹೇಳು. ನೀಲವ್ವನ ಮ್ಯಾಲ ಆಣಿ ಇಟ್ಟು ಶರಣಮ್ಮ ಹೇಳ್ಯಾಳ, ಲಿಂಗ ಮನ್ಯಾಗ ಅದ ಅಂತ ಹೇಳು. ಮುಂದ ಅವರು ಏನೂ ಕೇಳಂಗಿಲ್ಲ... ಒಮ್ಮಿ ನೀ ಹೇಳಿ ತೋರ್ಸು ನನಗ..."

"ಹಾಂ... ಹಾಂ... ಹಂಗ. ಬರೋಬ್ಬರಿ ಅದ. ಈಗ ಹೋಗು."

"ಮತ್ತೇನು?..."

"ಏನ್ ಕೇಳಾಕತ್ತಿ?... ಆಣಿ ಹೊತ್ಕೊಂಡು ಹೋದಾಂವಗೂ ಮುಟ್ತದಾ?... ಹೂಂ. ನಿಮ್ಮ ಮಂದ್ಯಾಗ ಹಂಗ ಅದ. ಸುಳ್ಳಾದ್ರ ಹೊತ್ತಾಂವನ ಮಕ್ಕಳಿಗಿ ಮುಟ್ತದ..."

ಇದು ಅವಳಿಗೆ ಗೊತ್ತಿರದ ವಿಷಯವೇನಲ್ಲ. ಕುರಿಗಾರರು ಆಣೆಗೆ ಹೆದರಿದಷ್ಟು ತೋಳಕ್ಕೆ ಹೆದರುವುದಿಲ್ಲ. ಒಬ್ಬರ ಆಣೆಯನ್ನು ಇನ್ನೊಬ್ಬರಿಗೆ ಮುಟ್ಟಿಸಬೇಕಾದರೆ ನಿಜವೇ ಎಂದು ಒಮ್ಮೆ ಬಾಯಿಬಿಟ್ಟು ಕೇಳಿಯೇ ಹೊರುತ್ತಾರೆ.

"ನಿನಗ ಮಕ್ಕಳೆಷ್ಟಪ್ಪ?... ಒಬ್ಬಾಕಿನೇ. ಏನ್ ಹೆಸರು?... ಬಾಲಮ್ಮ... ನಡೀತಾಳೇನು?... ಇನ್ನಾ ಅಂಬೆಗಾಲು..."

"ಇಲ್ಲ, ಸುಮ್ನ ಕೇಳಿದೆ..."

ಮೈಯ ಜೋಮು ಆಗ ಬಿಟ್ಟಿತು. ಎಲ್ಲ ಒಮ್ಮೆಲೇ ಬಂತು: ಕೊಳ್ಳದಲ್ಲಿ ಕಲ್ಲಿಗೆ ಧಾರಣೆ ಹೇಳುತ್ತ ಕೂತ ಗಂಡ, ಗಬ್ಬೂರಿನ ಯಾವುದೋ ಮನೆಯಲ್ಲಿ ಅಂಬೆಗಾಲಿಡುವ ಹೆಣ್ಣು ಕೂಸು, ತನ್ನ ನೀಲವ್ವ. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದಳು. ಕನಕರಾಯ ಆ ಕಡೆಯಿಂದ ಮತ್ತೆ ಕೇಳಿದ.

"ನಾ ಕಣ್ಣಾರೆ ನೋಡೀನಾ ಅಂತೀಯಾ?..."

ಅವಳು ಎಡಗೈ ನೋಡಿಕೊಂಡಳು. ಅದು ಬರಿಗೈ. ಬೆರಳುಗಳನ್ನು ಮಡಿಚಿ ಬಿಗಿಯಾಗಿ ಮುಚ್ಚಿದಳು.

"ನೋಡೀನಪ್ಪ. ಕಣ್ಣಾರೆ ನೋಡೀನಿ. ನಿನ್ನ ಬಾಲಮ್ಮಗ ಏನೂ ಆಗಂಗಿಲ್ಲ... ಈಗ? ಈಗ ನನ್ನ ಕೈಯಾಗೇ ಅದ, ಕನಕರಾಯ. ಮುಠ್ಠಿಯೊಳಗ ಹಿಡಕೊಂಡು ಕುಂತೀನಿ. ಓಡು. ಅವರು ಬಾಯಿ ತೆರೆದ್ರಂದ್ರ ಒಮ್ಮೆಲೇ ಹಾಕಬ್ಯಾಡ, ಸ್ವಲ್ಪ ಸ್ವಲ್ಪ ಕುಡ್ಸು, ಮೊದಲ ತುಟಿ ಒದ್ದಿ ಮಾ—"

ಲೈನು ಕಡಿಯಿತು.